ಮೌನವನ್ನು ಸಮ್ಮತಿಯೆಂದು ಬರೆದುಕೊಂಡವರು

(ವಾಹನ ಮಾಲಕರು ಹಾಗೂ ಮಸೀದಿ-ಮದ್ರಸಗಳ ಪದಾಧಿಕಾರಿಗಳಿಗಾಗಿ ಏರ್ಪಡಿಸಲಾದ ಮಾಹಿತಿ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘಟಕರು ನನ್ನ ಮುಂದಿಟ್ಟಿರುವ ಪ್ರಶ್ನೆ ವಿಮೆ ಹಲಾಲೋ ಹರಾಮೋ ಎಂಬುದಲ್ಲ. ಆ ಚರ್ಚೆಯನ್ನು ನಮ್ಮ ವೇದಿಕೆಗಳು ಸಾಕಷ್ಟು ನಡೆಸಿವೆ. ಪ್ರಶ್ನೆ ಇಷ್ಟೇ: ಒಬ್ಬಾತ ಕಳೆದ ವರ್ಷ ಮೊಬೈಲಿನಲ್ಲಿ ತನ್ನ ಕಾರಿಗೆ ವಿಮೆ ಮಾಡಿಸಿದ. ಈ ವರ್ಷ ಆತನನ್ನು ಯಾರೂ ಏನೂ ಕೇಳಲಿಲ್ಲ. ಒಂದು ಬೆಳಿಗ್ಗೆ ಖಾತೆಯಿಂದ ಹಲವು ಸಾವಿರ ರೂಪಾಯಿ ಕಡಿತವಾಯಿತು. ಅದರ ಬೆನ್ನಿಗೇ ಹೊಸ ಪಾಲಿಸಿಯೂ ಇ-ಮೇಲ್‌ನಲ್ಲಿ ಬಂತು. ಅಷ್ಟರಲ್ಲಿ ಆತ ಕಡಿಮೆ ದರಕ್ಕೆ ಬೇರೊಂದು ಕಂಪೆನಿಯಲ್ಲಿ ವಿಮೆ ಮಾಡಿಸಿಯೂ ಆಗಿತ್ತು. ಕರೆ ಮಾಡಿ ಕೇಳಿದರೆ ಆಚೆ ಕಡೆಯಿಂದ ಬಂದ ಉತ್ತರ: ‘ನೀವು ಬೇಡವೆಂದು ಹೇಳಲಿಲ್ಲವಲ್ಲ, ಸರ್.’

ಈ ಒಂದು ವಾಕ್ಯದ ಬಗ್ಗೆಯೇ ನಾನು ಇಂದು ಮಾತನಾಡಬೇಕಾಗಿದೆ. ಬೇಡವೆಂದು ಹೇಳದಿರುವುದು ಬೇಕೆಂದು ಹೇಳಿದಂತಾಗುತ್ತದೆಯೇ?

‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತು ನಮ್ಮ ನಾಡಿನಲ್ಲಿ ಬಳಕೆಯಲ್ಲಿದೆ. ಮದುವೆಯ ಮಾತುಕತೆಯಲ್ಲಿ ಹುಡುಗಿ ಸಂಕೋಚದಿಂದ ಮೌನವಾಗಿದ್ದರೆ ಅದನ್ನು ಒಪ್ಪಿಗೆಯೆಂದು ಪರಿಗಣಿಸಬಹುದೆಂದು ಇಸ್ಲಾಮೀ ಕರ್ಮಶಾಸ್ತ್ರವೂ ಹೇಳಿದೆ. ಆದರೆ ಅದು ವಿಶೇಷ ಸಂದರ್ಭಕ್ಕೆ ನೀಡಲಾದ ವಿಶೇಷ ವಿನಾಯಿತಿ. ವ್ಯಾಪಾರದಲ್ಲಿ ನಿಯಮ ಇದಕ್ಕೆ ತದ್ವಿರುದ್ಧ. ಮೌನವಾಗಿರುವವನ ಬಾಯಿಗೆ ಯಾವ ಮಾತನ್ನೂ ಹಚ್ಚಕೂಡದೆಂಬುದು ಕರ್ಮಶಾಸ್ತ್ರದ ಒಂದು ಪ್ರಸಿದ್ಧ ಸೂತ್ರ. 19ನೇ ಶತಮಾನದಲ್ಲಿ ಉಸ್ಮಾನಿಯಾ ಆಡಳಿತವು ‘ಮಜಲ್ಲ’ ಎಂಬ ಹೆಸರಿನಲ್ಲಿ ನಾಗರಿಕ ಸಂಹಿತೆಯನ್ನು ರೂಪಿಸಿದಾಗ ಈ ಸೂತ್ರವನ್ನು ಅದರ 67ನೇ ಕಲಮಾಗಿ ಸೇರಿಸಿತು. ಮಾತನಾಡಲೇಬೇಕಾದ ಸಂದರ್ಭದಲ್ಲಿ ಮಾತ್ರ ಮೌನವು ಮಾತಿನ ಸ್ಥಾನ ಪಡೆಯುತ್ತದೆ ಎಂಬ ವಿನಾಯಿತಿಯೂ ಅದರ ಜೊತೆಗೇ ಇದೆ.

ನಮ್ಮ ಕರಾವಳಿಯ ದರ್ಸ್‌ಗಳಲ್ಲಿ ಓದಿಸಲಾಗುವ ‘ಫತ್ಹುಲ್ ಮುಈನ್’ ಗ್ರಂಥವನ್ನೇ ತೆಗೆದುಕೊಳ್ಳಿ. 16ನೇ ಶತಮಾನದಲ್ಲಿ ಝೈನುದ್ದೀನ್ ಮಖ್ದೂಮರು ಬರೆದ ಈ ಶಾಫಿಈ ಗ್ರಂಥದ ವ್ಯಾಪಾರದ ಅಧ್ಯಾಯವು ಈಜಾಬ್ ಮತ್ತು ಖಬೂಲ್‌ನಿಂದಲೇ, ಅಂದರೆ ಮಾರುವವನ ಮಾತು ಮತ್ತು ಕೊಳ್ಳುವವನ ಒಪ್ಪಿಗೆಯ ಮಾತಿನಿಂದಲೇ, ಆರಂಭವಾಗುತ್ತದೆ. ಅಂಗಡಿಯಲ್ಲಿ ಮಾತಿಲ್ಲದೆ ಹಣವಿಟ್ಟು ಸರಕು ಎತ್ತಿಕೊಂಡರೆ ಅದು ವ್ಯಾಪಾರವಾಗುತ್ತದೆಯೇ ಎಂಬ ಬಗ್ಗೆ ಕೂಡಾ ನಮ್ಮ ವಿದ್ವಾಂಸರು ಪುಟಗಟ್ಟಲೆ ಚರ್ಚಿಸಿದ್ದಾರೆ. ಜನರು ವಾಡಿಕೆಯಲ್ಲಿ ಅದನ್ನು ವ್ಯಾಪಾರವೆಂದು ಪರಿಗಣಿಸುವುದರಿಂದ ಅದು ಸಿಂಧು ಎಂಬ ಅಭಿಪ್ರಾಯವನ್ನು ಇಮಾಮ್ ನವವಿ ಎತ್ತಿಹಿಡಿದರು. ಗಮನಿಸಿ, ಅಲ್ಲಿ ಕೊಳ್ಳುವವನು ತನ್ನ ಕೈಯಿಂದ ಹಣ ಕೊಡುತ್ತಾನೆ. ಆದರೂ ಅಷ್ಟು ಚರ್ಚೆ ನಡೆಯಿತು! ಇನ್ನು ಕೊಳ್ಳುವವನು ಮಲಗಿರುವಾಗ ಆತನ ಜೇಬಿನಿಂದ ಹಣ ಎತ್ತಿಕೊಂಡು ಸರಕನ್ನು ಮನೆಬಾಗಿಲಲ್ಲಿ ಇಟ್ಟು ಹೋಗುವ ವ್ಯಾಪಾರದ ಬಗ್ಗೆ ಆ ಮಹನೀಯರು ಏನು ಹೇಳುತ್ತಿದ್ದರೋ! ಸೂರಃ ಅನ್ನಿಸಾದ 29ನೇ ವಚನವು ಅನ್ಯರ ಸೊತ್ತು ಧರ್ಮಸಮ್ಮತವಾಗುವುದಕ್ಕೆ ಪರಸ್ಪರ ಸಂತೃಪ್ತಿಯ ವ್ಯಾಪಾರವನ್ನು ಶರತ್ತಾಗಿ ಇಟ್ಟಿದೆ. ಸಂತೃಪ್ತಿ ಎರಡೂ ಕಡೆಯಲ್ಲಿರಬೇಕು. ಒಂದು ಕಡೆಯ ಸಂತೃಪ್ತಿ, ಇನ್ನೊಂದು ಕಡೆಯ ನಿದ್ದೆ ಸಾಲದು.

ಇದು ನಮ್ಮ ಧರ್ಮದ ಮಾತು ಮಾತ್ರವೆಂದು ಯಾರೂ ತಿಳಿಯಬೇಕಾಗಿಲ್ಲ. 1862ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಒಂದು ಕುದುರೆಯ ಮೊಕದ್ದಮೆ ಬಂತು. ಚಿಕ್ಕಪ್ಪ ಫೆಲ್ಟ್‌ಹೌಸ್ ಅಣ್ಣನ ಮಗನಿಗೆ ಪತ್ರ ಬರೆದು ಕುದುರೆಗೆ ಒಂದು ಬೆಲೆ ಹೇಳಿದ. ನಿನ್ನಿಂದ ಉತ್ತರ ಬಾರದಿದ್ದರೆ ಕುದುರೆ ನನ್ನದೆಂದು ಭಾವಿಸುತ್ತೇನೆ ಎಂಬುದು ಆ ಪತ್ರದ ತಾತ್ಪರ್ಯ. ಹುಡುಗ ಉತ್ತರಿಸಲಿಲ್ಲ. ಮುಂದೆ ಹರಾಜುಗಾರನು ಕಣ್ತಪ್ಪಿನಿಂದ ಆ ಕುದುರೆಯನ್ನು ಬೇರೆಯವರಿಗೆ ಮಾರಿದಾಗ ಚಿಕ್ಕಪ್ಪ ಕೋರ್ಟಿಗೆ ಹೋದ, ಸೋತ. ಉತ್ತರಿಸದಿರುವವನ ಮೇಲೆ ಒಪ್ಪಂದವನ್ನು ಹೇರಲಾಗದೆಂಬ ಆ ತೀರ್ಪನ್ನು ಇಂದಿಗೂ ನಮ್ಮ ಕಾನೂನು ಕಾಲೇಜುಗಳಲ್ಲಿ ಕಲಿಸಲಾಗುತ್ತದೆ. ಭಾರತದ 1872ರ ಕರಾರು ಕಾಯ್ದೆ ಕೂಡಾ ಒಪ್ಪಿಗೆಯು ಪೂರ್ಣವಾಗಿರಬೇಕು, ನಿಶ್ಶರತ್ತಾಗಿರಬೇಕು ಮತ್ತು ಅದನ್ನು ವ್ಯಕ್ತಪಡಿಸಿರಬೇಕು ಎನ್ನುತ್ತದೆ.

ಹಾಗಾದರೆ ಕಂಪೆನಿಗಳು ಯಾವ ಧೈರ್ಯದಿಂದ ಹಣ ಕಡಿತ ಮಾಡುತ್ತವೆ? ಅವುಗಳ ಬಳಿಯೂ ಒಂದು ವಾದವಿದೆ. ಅದನ್ನು ನ್ಯಾಯಯುತವಾಗಿ ನಿಮ್ಮ ಮುಂದಿಡಬೇಕು. ನೀವು ಈ ವರ್ಷ ಮೌನವಾಗಿದ್ದಿರಿ, ನಿಜ. ಆದರೆ ಕಳೆದ ವರ್ಷ ಹಣ ಪಾವತಿಸುವಾಗ ಪರದೆಯ ಕೆಳಗಿದ್ದ ಒಂದು ಚೌಕಕ್ಕೆ ಟಿಕ್ ಹಾಕಿದ್ದಿರಿ, ಪ್ರತಿವರ್ಷ ನವೀಕರಿಸಿ ಎಂಬ ಅನುಮತಿ ಅದರಲ್ಲಿತ್ತು ಎಂಬುದೇ ಆ ವಾದ. ಕೆಲವೊಮ್ಮೆ ಆ ಟಿಕ್ಕನ್ನು ನಾವು ಹಾಕಿರುವುದೇ ಇಲ್ಲ, ಅದು ಮೊದಲೇ ಬಿದ್ದಿರುತ್ತದೆ. ನಾವು ತೆಗೆದಿಲ್ಲ, ಅಷ್ಟೇ. ಇರಲಿ, ನಾವೇ ಹಾಕಿದ್ದೇವೆಂದು ಇಟ್ಟುಕೊಳ್ಳೋಣ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ನಾವು ‘ಹೌದು’ ಎಂದದ್ದು ಯಾವುದಕ್ಕೆ?

ಕಾರಿನ ವಿಮೆಯಲ್ಲಿ ಎರಡು ಭಾಗಗಳಿವೆ. ಒಂದು ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ವಾಹನದಿಂದ ಇತರರಿಗಾಗುವ ಹಾನಿಯ ಹೊಣೆ. ಇದು 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ ಕಡ್ಡಾಯ. ಇದರ ದರವನ್ನು ಸರಕಾರ ನಿಗದಿಪಡಿಸುತ್ತದೆ. 2022ರ ಜೂನ್ 1ರಂದು ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿಸಿವರೆಗಿನ ಖಾಸಗಿ ಕಾರಿಗೆ 2,094 ರೂ., 1500 ಸಿಸಿವರೆಗೆ 3,416 ರೂ., ಅದಕ್ಕಿಂತ ದೊಡ್ಡದಕ್ಕೆ 7,897 ರೂ. ಎಂದಿತ್ತು. ಯಾವ ಕಂಪೆನಿಗೆ ಹೋದರೂ ಇದು ಒಂದೇ. ಇನ್ನೊಂದು ಭಾಗ ನಮ್ಮ ಸ್ವಂತ ವಾಹನದ ಹಾನಿಗೆ ಸಂಬಂಧಿಸಿದ್ದು. ಅದು ಐಚ್ಛಿಕ. ಅದರ ದರವನ್ನು ಕಂಪೆನಿ ತನಗೆ ಬೇಕಾದಂತೆ ನಿರ್ಧರಿಸುತ್ತದೆ. ವಾಹನದ ಮೌಲ್ಯ ಪ್ರತಿವರ್ಷ ಇಳಿಯುತ್ತದೆ, ನೋ ಕ್ಲೈಮ್ ಬೋನಸ್ ಪ್ರತಿವರ್ಷ ಬದಲಾಗುತ್ತದೆ, ಸೇರ್ಪಡೆಗಳು ಬದಲಾಗುತ್ತವೆ. ಅಂದರೆ ಮುಂದಿನ ವರ್ಷದ ಬೆಲೆ ಈ ವರ್ಷ ಯಾರಿಗೂ ಗೊತ್ತಿರುವುದಿಲ್ಲ. ಬೆಲೆ ಗೊತ್ತಿಲ್ಲದ ವ್ಯಾಪಾರವನ್ನು ನಮ್ಮ ವಿದ್ವಾಂಸರು ‘ಗರರ್’ ಎನ್ನುತ್ತಾರೆ. ಕಳೆದ ವರ್ಷದ ನಮ್ಮ ಆ ‘ಹೌದು’ ಈ ವರ್ಷದ ಬೆಲೆಗೆ ಹೇಳಿದ ‘ಹೌದು’ ಆಗಿರಲು ಸಾಧ್ಯವೇ ಇಲ್ಲ.

ತಾನಾಗಿ ನವೀಕರಣಗೊಳ್ಳುವ ಈ ಏರ್ಪಾಡು ಗ್ರಾಹಕನ ಅನುಕೂಲಕ್ಕಾಗಿ ಎಂದು ಹೇಳಲಾಗುತ್ತದೆ. ಅನುಕೂಲ ಯಾರಿಗೆ ಎಂಬುದನ್ನು ತಿಳಿಯಬೇಕಾದರೆ ವಾಹನ ವಿಮೆಯಲ್ಲಿ ಇದು ಆಳವಾಗಿ ಬೇರೂರಿರುವ ಬ್ರಿಟನ್‌ನ ಅನುಭವವನ್ನು ನೋಡಬೇಕು. ಅಲ್ಲಿನ ಹಣಕಾಸು ನಿಯಂತ್ರಣ ಸಂಸ್ಥೆಯು ವಾಹನ ಮತ್ತು ಮನೆ ವಿಮೆಗಳ ಬಗ್ಗೆ ತನಿಖೆ ನಡೆಸಿ 2019ರಲ್ಲಿ ಮಧ್ಯಂತರ ವರದಿ ಪ್ರಕಟಿಸಿತು. ಸುಮಾರು 60 ಲಕ್ಷ ಪಾಲಿಸಿದಾರರು ಅಧಿಕ ದರ ತೆರುತ್ತಿದ್ದಾರೆ, ಅವರಿಂದ ಸರಾಸರಿ ದರವನ್ನಷ್ಟೇ ಪಡೆದಿದ್ದರೆ ವರ್ಷಕ್ಕೆ 120 ಕೋಟಿ ಪೌಂಡ್ ಉಳಿಯುತ್ತಿತ್ತು ಎಂದು ಅದು ಅಂದಾಜಿಸಿತು. ಕಂಪೆನಿಯನ್ನು ಬದಲಿಸದೆ ನಿಷ್ಠೆಯಿಂದ ಉಳಿದವರ ದರವನ್ನು ವರ್ಷ ವರ್ಷ ಸದ್ದಿಲ್ಲದೆ ಏರಿಸಲಾಗುತ್ತಿತ್ತು. ಹೊಸಬರನ್ನು ರಿಯಾಯಿತಿಯಿಂದ ಸೆಳೆಯುವುದು, ಹಳಬರಿಂದ ಅದನ್ನು ವಸೂಲು ಮಾಡುವುದು! ನಿಷ್ಠೆಗೆ ದಂಡ ವಿಧಿಸುವ ವ್ಯವಸ್ಥೆ ಇದು. ಕೊನೆಗೆ 2022ರ ಜನವರಿ 1ರಿಂದ, ಹೊಸ ಗ್ರಾಹಕನಿಗೆ ಹೇಳುವ ದರಕ್ಕಿಂತ ಹೆಚ್ಚಿನ ದರವನ್ನು ನವೀಕರಿಸುವವನಿಂದ ಪಡೆಯಕೂಡದು ಎಂಬ ನಿಯಮ ಅಲ್ಲಿ ಬಂತು. ತಾನಾಗಿ ನವೀಕರಣಗೊಳ್ಳುವುದನ್ನು ನಿಲ್ಲಿಸಲು ಸುಲಭ ದಾರಿಗಳಿರಬೇಕೆಂದೂ ಅದು ಆದೇಶಿಸಿತು.

ಈಗ ನಮ್ಮ ದೇಶಕ್ಕೆ ಬರೋಣ. ಇಲ್ಲಿ ಒಂದು ವಿಷಯವನ್ನು ಸ್ಪಷ್ಟವಾಗಿ ಅರಿತುಕೊಳ್ಳಬೇಕು. ನಮ್ಮಲ್ಲಿ ವಾಹನ ವಿಮೆಯ ಪಾಲಿಸಿ ತಾನಾಗಿ ಮುಂದುವರಿಯುವುದಿಲ್ಲ. ಅವಧಿ ಮುಗಿದ ದಿನ ಅದು ಮುಗಿಯಿತು. ತಾನಾಗಿ ಮುಂದುವರಿಯುವುದು ಹಣ ಪಾವತಿಸಲು ನಾವು ಕೊಟ್ಟಿರುವ ಆದೇಶ. ಅದು ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡಿನ ಮೇಲಿರಬಹುದು. ಯುಪಿಐ ಆಟೋಪೇ ಆಗಿರಬಹುದು. ಬ್ಯಾಂಕಿಗೆ ಸಹಿ ಹಾಕಿ ಕೊಟ್ಟ ನ್ಯಾಚ್ ಆದೇಶವಾಗಿರಬಹುದು. ಅಥವಾ ಕಾರಿನ ಸಾಲಪತ್ರದ ಸಣ್ಣ ಅಕ್ಷರಗಳಲ್ಲಿ, ವಿಮೆಯನ್ನು ಬ್ಯಾಂಕೇ ನವೀಕರಿಸಿ ಸಾಲದ ಖಾತೆಗೆ ಖರ್ಚು ಹಾಕಬಹುದು ಎಂಬ ಒಂದು ಸಾಲಾಗಿರಬಹುದು. ಮೊದಲು ಮಾಡಬೇಕಾದ ಕೆಲಸ ನಮ್ಮ ಆ ‘ಹೌದು’ ಎಲ್ಲಿ ಕುಳಿತಿದೆ ಎಂದು ಹುಡುಕುವುದು. ಆ್ಯಪ್ ಅಳಿಸಿದರೆ ಆದೇಶ ಅಳಿಯುವುದಿಲ್ಲ. ಖಾತೆಯನ್ನು ಖಾಲಿ ಮಾಡಿಟ್ಟರೆ ನ್ಯಾಚ್ ಮರಳಿದ್ದಕ್ಕಾಗಿ ಬ್ಯಾಂಕು ದಂಡ ಹಾಕುತ್ತದೆ. ಅಂದರೆ ಒಂದು ಕಡೆಯ ನಷ್ಟ ಎರಡು ಕಡೆಯದ್ದಾಗುತ್ತದೆ.

ರಿಸರ್ವ್ ಬ್ಯಾಂಕು ಈ ವಿಷಯದಲ್ಲಿ ಸುಮ್ಮನಿಲ್ಲ ಎಂಬುದನ್ನು ಹೇಳಲೇಬೇಕು. 2021ರ ಅಕ್ಟೋಬರ್ 1ರಿಂದ ಜಾರಿಯಾದ ಇ-ಮ್ಯಾಂಡೇಟ್ ನಿಯಮಗಳ ಪ್ರಕಾರ, ಇಂತಹ ಆದೇಶದ ಮೇಲೆ ಹಣ ಕಡಿತ ಮಾಡುವ ಕನಿಷ್ಠ 24 ಗಂಟೆ ಮೊದಲು ಗ್ರಾಹಕನಿಗೆ ಸಂದೇಶ ಬರಬೇಕು. ಯಾರು, ಎಷ್ಟು, ಯಾವಾಗ ಎಂಬುದು ಅದರಲ್ಲಿರಬೇಕು. ಆ ಒಂದು ಕಡಿತವನ್ನು ಅಥವಾ ಇಡೀ ಆದೇಶವನ್ನು ರದ್ದುಪಡಿಸುವ ಅವಕಾಶವಿರಬೇಕು. ಆದರೆ ಇಲ್ಲಿಯೇ ಒಂದು ಕಿಟಕಿ ತೆರೆದುಕೊಂಡಿದೆ. ಒಟಿಪಿ ಇಲ್ಲದೆ ಕಡಿತ ಮಾಡಬಹುದಾದ ಮಿತಿ ಮೊದಲು 5,000 ರೂ. ಇತ್ತು, 2022ರ ಜೂನ್‌ನಲ್ಲಿ 15,000 ಆಯಿತು, 2023ರ ಡಿಸೆಂಬರ್‌ನಲ್ಲಿ ವಿಮಾ ಪ್ರೀಮಿಯಂ, ಮ್ಯೂಚುವಲ್ ಫಂಡ್ ಮತ್ತು ಕ್ರೆಡಿಟ್ ಕಾರ್ಡ್ ಬಿಲ್ಲುಗಳಿಗೆ ಅದನ್ನು 1 ಲಕ್ಷಕ್ಕೆ ಏರಿಸಲಾಯಿತು. ಸಾಮಾನ್ಯ ಕಾರೊಂದರ ಪ್ರೀಮಿಯಂ ಈ ಮಿತಿಯೊಳಗೆ ಸಲೀಸಾಗಿ ನುಸುಳುತ್ತದೆ. ಹಾಗಾಗಿ ಆ 24 ಗಂಟೆಯ ಸಂದೇಶವೇ ನಮ್ಮ ಕೊನೆಯ ಬಾಗಿಲು. ದಿನಕ್ಕೆ ಹತ್ತಾರು ಜಾಹೀರಾತು ಸಂದೇಶಗಳ ನಡುವೆ, ಇಂಗ್ಲಿಷ್‌ನಲ್ಲಿ ಬರುವ ಆ ಎರಡು ಸಾಲನ್ನು ಓದುವವರು ನಮ್ಮಲ್ಲಿ ಎಷ್ಟು ಮಂದಿ?

ಪ್ರತಿವರ್ಷ ಮೇ ತಿಂಗಳ ಕೊನೆಗೆ ಖಾತೆಯಿಂದ 20 ರೂ. ಮತ್ತು 436 ರೂ. ಹೋಗುವುದನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಅವು 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮತ್ತು ಜೀವನ್ ಜ್ಯೋತಿ ಬಿಮಾ ಯೋಜನೆಗಳ ಕಂತುಗಳು. ಬಡವರಿಗೆ ಉಪಕಾರಿಯಾದ ಯೋಜನೆಗಳೇ. ಕೋಪದಿಂದ ರದ್ದು ಮಾಡಿಸುವ ಮೊದಲು ಯೋಚಿಸಿ. ಆದರೆ ಬ್ಯಾಂಕಿನಲ್ಲಿ ಯಾರೋ ಗುರಿ ತಲುಪುವ ಅವಸರದಲ್ಲಿ ನಮ್ಮ ಹೆಸರನ್ನು ಸೇರಿಸಿದ್ದರೆ ಕೇಳುವ ಹಕ್ಕು ನಮಗಿದೆ. ಉಪಕಾರವನ್ನೂ ಕೇಳಿಯೇ ಮಾಡಬೇಕು.

ಇನ್ನೊಂದು ಮಾತು. ನಮ್ಮ ಪಾಲಿಸಿಯ ಅವಧಿ ಮುಗಿಯುವ ದಿನ ಯಾವ ಯಾವುದೋ ಕಂಪೆನಿಗೆ ಗೊತ್ತಿರುತ್ತದೆ, ಅಲ್ಲವೇ? ತಿಂಗಳ ಮೊದಲೇ ಕರೆಗಳು ಶುರುವಾಗುತ್ತವೆ. ಎಲ್ಲಿಂದ ಗೊತ್ತಾಯಿತು ಎಂದು ಕೇಳಿದರೆ ಕರೆ ಕಡಿತವಾಗುತ್ತದೆ. 2019ರ ಜುಲೈಯಲ್ಲಿ ಕೇಂದ್ರ ಸರಕಾರವೇ ಸಂಸತ್ತಿಗೆ ತಿಳಿಸಿದ ಪ್ರಕಾರ, ವಾಹನ್ ಮತ್ತು ಸಾರಥಿ ದತ್ತಾಂಶಕ್ಕೆ 87 ಖಾಸಗಿ ಕಂಪೆನಿಗಳಿಗೆ ಪ್ರವೇಶ ನೀಡಲಾಗಿತ್ತು ಮತ್ತು ಇದರಿಂದ ಸುಮಾರು 65 ಕೋಟಿ ರೂ. ಆದಾಯ ಬಂದಿತ್ತು. ನೋಂದಣಿಗಾಗಿ ಕಾನೂನಿನ ಬಲದಿಂದ ಪಡೆದ ಪ್ರಜೆಯ ವಿವರವನ್ನು ಪ್ರಭುತ್ವವು ಸರಕಿನಂತೆ ಮಾರಿತು. ಟೀಕೆಗಳ ಬಳಿಕ 2020ರಲ್ಲಿ ಆ ನೀತಿಯನ್ನು ಕೈಬಿಡಲಾಯಿತು. ಆದರೆ ಒಮ್ಮೆ ಹೊರಗೆ ಹೋದ ಮಾಹಿತಿಯನ್ನು ಮರಳಿ ತರುವ ನೀತಿ ಯಾವ ಇಲಾಖೆಯಲ್ಲೂ ಇಲ್ಲ. ಕಂಪೆನಿಯೊಂದು ನಮ್ಮ ಮೌನವನ್ನು ಸಮ್ಮತಿಯೆಂದು ಬರೆದುಕೊಳ್ಳುವ ಧೈರ್ಯವನ್ನು ಎಲ್ಲಿಂದ ಕಲಿಯಿತು ಎಂದು ಪ್ರತ್ಯೇಕ ಹೇಳಬೇಕೇ?

ಇನ್ನು ನಮ್ಮೊಳಗಿನ ಮಾತು. 1985ರಲ್ಲಿ ಜಿದ್ದಾದಲ್ಲಿ ಸಭೆ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿಯು ನಿಗದಿತ ಕಂತಿನ ವಾಣಿಜ್ಯ ವಿಮೆಯನ್ನು ನಿಷಿದ್ಧವೆಂದು ತೀರ್ಮಾನಿಸಿತು, ಪರಸ್ಪರ ಸಹಕಾರದ ವಿಮೆಯನ್ನು ಪರ್ಯಾಯವಾಗಿ ಸೂಚಿಸಿತು. ನಮ್ಮ ದೇಶದಲ್ಲಿ ಥರ್ಡ್ ಪಾರ್ಟಿ ವಿಮೆ ಕಾನೂನಿನ ನಿರ್ಬಂಧವಾದ್ದರಿಂದ ಅದನ್ನು ಅನಿವಾರ್ಯತೆಯ ನೆಲೆಯಲ್ಲಿ ವಿದ್ವಾಂಸರು ಅನುಮತಿಸಿದ್ದಾರೆ. ಸರಿ. ಆದರೆ ಅನಿವಾರ್ಯತೆಯ ಅನುಮತಿಯು ಅನಿವಾರ್ಯತೆಯ ಅಳತೆಯಷ್ಟೇ ಎಂಬುದೂ ಕರ್ಮಶಾಸ್ತ್ರದ ಸೂತ್ರವಲ್ಲವೇ? ಫತ್ವಾ ಕೇಳಿ ವಿಮೆ ಮಾಡಿಸಿದ ನಾವು ಪಾಲಿಸಿಯ ಎರಡನೇ ಪುಟವನ್ನು ತಿರುವಿ ನೋಡಿದ್ದೇವೆಯೇ? ಮಾಲಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ 15 ಲಕ್ಷ ರೂ.ಗೆ ಇರಬೇಕೆಂಬುದು ನಿಯಮ. ಆದರೆ 2019ರ ಜನವರಿಯಿಂದ, ಅಷ್ಟು ಮೊತ್ತದ ಅಪಘಾತ ವಿಮೆ ಬೇರೆ ಕಡೆ ಇರುವವರು ವಾಹನದ ಪಾಲಿಸಿಯಲ್ಲಿ ಅದನ್ನು ಮತ್ತೆ ಕೊಳ್ಳಬೇಕಾಗಿಲ್ಲ. ಮನೆಯಲ್ಲಿ ಒಂದು ಕಾರು, ಎರಡು ಸ್ಕೂಟರ್ ಒಬ್ಬರದೇ ಹೆಸರಿನಲ್ಲಿದ್ದರೆ ಮೂರು ಕಡೆ ಅದೇ ವ್ಯಕ್ತಿಯ ಅದೇ ವಿಮೆಗೆ ಕಂತು ಕಟ್ಟುವವರಿದ್ದಾರೆ. ತಾನಾಗಿ ನವೀಕರಣಗೊಳ್ಳುವ ಪಾಲಿಸಿಯಲ್ಲಿ ಇದನ್ನೆಲ್ಲ ಕಿತ್ತು ಹಾಕುವವರು ಯಾರು? ಹನ್ನೆರಡು ವರ್ಷ ಹಳೆಯ ಕಾರಿಗೆ ಇಂಜಿನ್ ರಕ್ಷಣೆ, ಟಯರ್ ರಕ್ಷಣೆ, ಕೀಲಿಕೈ ರಕ್ಷಣೆ ಎಲ್ಲವೂ ಸಾಲಾಗಿ ಬಂದು ಕುಳಿತಿರುತ್ತವೆ. ಕಾನೂನು ಹೇರದ, ನಮಗೆ ಬೇಡದ ಆ ಸೇರ್ಪಡೆಗಳಿಗೆ ಅನಿವಾರ್ಯತೆಯ ಫತ್ವಾ ಅನ್ವಯಿಸುವುದಿಲ್ಲ. ಹಲಾಲ್ ಮಾಂಸದ ಅಂಗಡಿಯನ್ನು ಹುಡುಕಿ ಹತ್ತು ಕಿಲೋಮೀಟರ್ ಹೋಗುವ ನಾವು ಈ ಕಾಗದವನ್ನು ಹತ್ತು ನಿಮಿಷ ಓದುವುದಿಲ್ಲ.

ಆದರೆ ಕಾಗದ ಓದಿದ ಸಿಟ್ಟಿನಲ್ಲಿ ಕೂಡಲೇ ಪಾಲಿಸಿಯನ್ನು ರದ್ದುಪಡಿಸಲು ಹೊರಡಬೇಡಿ. ಇಲ್ಲಿ ಒಂದು ಅಪಾಯವಿದೆ. ನನಗೆ ಪರಿಚಯದ ಹಿರಿಯರೊಬ್ಬರು ತಮ್ಮ ಹಳೆಯ ಕಾರನ್ನು ಮಾರಿದ್ದರು. ಮರುವರ್ಷ ಅದೇ ಕಾರಿನ ವಿಮೆಗಾಗಿ ಅವರ ಖಾತೆಯಿಂದ ಹಣ ಹೋಯಿತು. ‘ಇಲ್ಲದ ಕಾರಿಗೆ ವಿಮೆಯೇ?’ ಎಂದು ಅವರು ಕೆರಳಿದ್ದು ಸಹಜ. ದಾಖಲೆ ಹಿಡಿದು ನೋಡಿದಾಗ ಆರ್‌ಸಿ ಇನ್ನೂ ಅವರ ಹೆಸರಿನಲ್ಲೇ ಇತ್ತು. ಕೊಂಡವನು ಹಣ ಕೊಟ್ಟು ಕಾರು ಒಯ್ದಿದ್ದ, ಆದರೆ ವರ್ಗಾವಣೆ ಮಾಡಿಸಿಕೊಂಡಿರಲಿಲ್ಲ. ಈ ಸ್ಥಿತಿಯಲ್ಲಿ ಆ ಕಾರು ಯಾರಿಗಾದರೂ ಬಡಿದರೆ ಪರಿಹಾರದ ಹೊಣೆ ಯಾರದು? ಕೈಯಿಂದ ಕೈಗೆ ಮಾರಾಟವಾಗಿದ್ದ, ನೋಂದಣಿ ಮಾತ್ರ ಮೊದಲ ಮಾಲಕನ ಹೆಸರಿನಲ್ಲೇ ಉಳಿದಿದ್ದ ಒಂದು ಕಾರಿನ ಅಪಘಾತದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಇದಕ್ಕೆ ಉತ್ತರ ನೀಡಿದೆ. ಕಾಯ್ದೆಯ ದೃಷ್ಟಿಯಲ್ಲಿ ಮಾಲಕನೆಂದರೆ ನೋಂದಣಿಯಲ್ಲಿ ಹೆಸರಿರುವವನು. ಹೊಣೆಯೂ ಅವನದೇ. ಆ ಹಿರಿಯರು ಬೇಡವೆಂದು ಕೋಪಗೊಂಡಿದ್ದ ಪಾಲಿಸಿಯೇ ಅಷ್ಟು ದಿನ ಅವರ ಮನೆ-ತೋಟವನ್ನು ಕಾಯುತ್ತಿತ್ತು!

ಆದ್ದರಿಂದ ಮೊದಲು 29 ಮತ್ತು 30ನೇ ನಮೂನೆಗಳನ್ನು ಸಾರಿಗೆ ಕಚೇರಿಗೆ ಸಲ್ಲಿಸಿ, ವರ್ಗಾವಣೆಯಾಗಿದೆಯೆಂದು ವಾಹನ್‌ನಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ ತಿಳಿಸಬೇಕು. ಅದು ಕೊಂಡವನ ಕೆಲಸವೆಂದು ಸುಮ್ಮನಿರುವಂತಿಲ್ಲ. ವಿಮೆಯ ಮಾತು ಆ ನಂತರ. ಇನ್ನು, ಮಾಲಕತ್ವ ವರ್ಗಾವಣೆಯಾದಾಗ ಥರ್ಡ್ ಪಾರ್ಟಿ ವಿಮೆಯೂ ಕೊಂಡವನಿಗೆ ವರ್ಗಾವಣೆಯಾದಂತೆಯೇ ಎಂದು ಕಾಯ್ದೆಯ 157ನೇ ಕಲಮು ಹೇಳುತ್ತದೆ. ನೋ ಕ್ಲೈಮ್ ಬೋನಸ್ ಮಾತ್ರ ಕಾರಿನದ್ದಲ್ಲ, ಮಾಲಕನದ್ದು. ಐದು ವರ್ಷ ಪರಿಹಾರ ಕೇಳದವನಿಗೆ ಅದು ಸ್ವಂತ ಹಾನಿ ಭಾಗದ ಕಂತಿನಲ್ಲಿ 50 ಶೇಕಡಾದವರೆಗೆ ಏರುತ್ತದೆ. ಅದನ್ನು ಪತ್ರದ ಮೂಲಕ ಪಡೆದು ಮುಂದಿನ ಕಾರಿಗೆ ಬಳಸಿಕೊಳ್ಳಬಹುದು.

ಕಾರು ನಮ್ಮಲ್ಲೇ ಇದ್ದು ಎರಡು ಕಡೆ ವಿಮೆಯಾಗಿದ್ದರೆ? ಆಗ ದಾರಿ ಸುಲಭ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2024ರ ಜೂನ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಗ್ರಾಹಕನು ಪಾಲಿಸಿಯನ್ನು ಯಾವಾಗ ಬೇಕಾದರೂ ರದ್ದುಪಡಿಸಬಹುದು, ಕಾರಣ ಹೇಳಬೇಕಾಗಿಲ್ಲ. ಒಂದು ವರ್ಷದ ಪಾಲಿಸಿಯಲ್ಲಿ ಪರಿಹಾರ ಪಡೆದಿರದಿದ್ದರೆ ಉಳಿದ ಅವಧಿಯ ಪ್ರೀಮಿಯಂ ಅನುಪಾತದಂತೆ ಮರಳಬೇಕು. ಥರ್ಡ್ ಪಾರ್ಟಿ ಭಾಗ ಕಡ್ಡಾಯವಾದ್ದರಿಂದ, ವಾಹನಕ್ಕೆ ಬೇರೆ ವಿಮೆ ಇದೆ ಎಂಬ ಪುರಾವೆಯನ್ನು ಜೊತೆಗಿಡಬೇಕು. ದಿನ ಕಳೆದಂತೆ ಮರಳುವ ಹಣ ಕರಗುತ್ತದೆ. ಆದುದರಿಂದ ಅಂದೇ ಬರೆಯಿರಿ. ಕರೆ ಮಾಡಿ ಹೇಳಿದರೆ ಸಾಲದು, ಇ-ಮೇಲ್ ಕಳುಹಿಸಿ. ಪಾಲಿಸಿ ಸಂಖ್ಯೆ, ಕಡಿತವಾದ ದಿನ, ಮೊತ್ತ, ಎರಡನೇ ಪಾಲಿಸಿಯ ಪ್ರತಿ, ಮುಂದಿನ ನವೀಕರಣಕ್ಕೆ ತನ್ನ ಅನುಮತಿ ಇಲ್ಲವೆಂಬ ಒಂದು ವಾಕ್ಯ, ಇಷ್ಟು ಸಾಕು. ಅದೇ ದಿನ ಬ್ಯಾಂಕಿಗೂ ಬರೆದು ಆದೇಶವನ್ನು ರದ್ದು ಮಾಡಿಸಿ; ಇಲ್ಲದಿದ್ದರೆ ಬರುವ ವರ್ಷ ಇದೇ ಕತೆ.

ವ್ಯಾಪಾರದಲ್ಲಿ ಪದೇ ಪದೇ ಮೋಸ ಹೋಗುತ್ತಿದ್ದ ಹಬ್ಬಾನ್ ಬಿನ್ ಮುನ್ಕಿದ್(ರ) ಎಂಬ ಸಹಾಬಿಗೆ, ಕೊಳ್ಳುವಾಗಲೇ ‘ವಂಚನೆ ಸಲ್ಲದು’ ಎಂದು ಹೇಳಿಬಿಡುವಂತೆ ಪ್ರವಾದಿವರ್ಯರು(ಸ) ಕಲಿಸಿದರೆಂದೂ ಮೂರು ದಿನಗಳ ಕಾಲ ಸರಕನ್ನು ಮರಳಿಸುವ ಹಕ್ಕನ್ನು ನೀಡಿದರೆಂದೂ ಹದೀಸ್ ಗ್ರಂಥಗಳಿಂದ ತಿಳಿದುಬರುತ್ತದೆ. ದುರ್ಬಲನಾದ ಗ್ರಾಹಕನಿಗೆ ಒಂದು ವಾಕ್ಯ ಮತ್ತು ಒಂದಿಷ್ಟು ಸಮಯ. ಹದಿನಾಲ್ಕು ಶತಮಾನಗಳ ಬಳಿಕ ಸುತ್ತೋಲೆಗಳು ಕೊಡುತ್ತಿರುವುದೂ ಅದನ್ನೇ.

ಕಂಪೆನಿ ಉತ್ತರಿಸದಿದ್ದರೆ? ಮೊದಲು ಅದರ ದೂರು ಅಧಿಕಾರಿಗೆ ಬರೆಯಬೇಕು. ಜೊತೆಗೆ ಐಆರ್‌ಡಿಎಐಯ ಬಿಮಾ ಭರೋಸಾ ವ್ಯವಸ್ಥೆಯಲ್ಲಿ ದೂರು ದಾಖಲಿಸಬಹುದು. ಉಚಿತ ಸಂಖ್ಯೆ 155255. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ತೃಪ್ತಿಕರವಲ್ಲದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. ಮುಂಚಿತ ಸಂದೇಶವಿಲ್ಲದೆ ಬ್ಯಾಂಕು ಹಣ ಬಿಟ್ಟುಕೊಟ್ಟಿದ್ದರೆ ಅದರ ದೂರು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ. ಪರದೆಯ ಮೇಲಿನ ಮೊದಲೇ ಬಿದ್ದ ಟಿಕ್ಕುಗಳ ವಿಷಯದಲ್ಲಿ ಗ್ರಾಹಕ ಸಹಾಯವಾಣಿ 1915 ಇದೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಇಂತಹ 13 ಬಗೆಯ ಕುತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಕೇಳದೆ ಬುಟ್ಟಿಗೆ ಸರಕು ಸೇರಿಸುವುದು, ಚಂದಾದಿಂದ ಹೊರಬರುವ ದಾರಿಯನ್ನು ಅಡಗಿಸುವುದು ಎರಡೂ ಅದರಲ್ಲಿವೆ. ಹಾಗೆಂದು ಟಿಕ್ಕುಗಳು ಮಾಯವಾಗಿವೆಯೆಂದು ನಾನು ಹೇಳಲಾರೆ. ದೂರು ಕೊಡುವವರಿಲ್ಲದಿದ್ದರೆ ನಿಷೇಧ ಕಾಗದದಲ್ಲೇ ಉಳಿಯುತ್ತದೆ.

ಮಸೀದಿ-ಮದ್ರಸಗಳ ಪದಾಧಿಕಾರಿಗಳಿಗೆ ಪ್ರತ್ಯೇಕವಾಗಿ ಒಂದು ಮಾತು ಹೇಳಬೇಕಾಗಿದೆ. ತಾನಾಗಿ ನಡೆಯುತ್ತದೆಂದು ನಂಬಿದ್ದು ಕೆಲವೊಮ್ಮೆ ನಡೆಯುವುದೂ ಇಲ್ಲ. ಕಾರ್ಡಿನ ಅವಧಿ ಮುಗಿದು ಹೊಸ ಕಾರ್ಡು ಬಂದರೆ ಹಳೆಯ ಆದೇಶ ಸತ್ತಿರಬಹುದು. ಖಜಾಂಚಿ ಬದಲಾದರೆ ಸಂದೇಶಗಳು ಹಳೆಯ ಖಜಾಂಚಿಯ ಮೊಬೈಲಿಗೆ ಹೋಗುತ್ತಿರುತ್ತವೆ, ಅವರಿಗೆ ಅದರ ಗೊಡವೆಯಿಲ್ಲ. ಪ್ರೀಮಿಯಂ ಮುಂಗಡವಾಗಿ ಕೈಸೇರದೆ ಕಂಪೆನಿ ಹೊಣೆ ಹೊರಬಾರದೆಂದು 1938ರ ವಿಮಾ ಕಾಯ್ದೆಯ 64 ವಿಬಿ ಕಲಮು ಹೇಳುತ್ತದೆ. ಹಣ ಹೋಗದಿದ್ದರೆ ವಿಮೆ ಇಲ್ಲ, ಅಷ್ಟೇ. ವಿಮೆಯಿಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂ. ದಂಡ ಅಥವಾ ಮೂರು ತಿಂಗಳವರೆಗೆ ಸೆರೆ. ಅದು ಸಣ್ಣ ವಿಷಯ. ಮಕ್ಕಳನ್ನು ತುಂಬಿಕೊಂಡು ಹೋಗುವ ಮದ್ರಸದ ವ್ಯಾನ್ ಆ ದಿನ ಅಪಘಾತಕ್ಕೀಡಾದರೆ ಪರಿಹಾರ ಎಲ್ಲಿಂದ ಬರಬೇಕು? ವಕ್ಫ್ ಸೊತ್ತಿನಿಂದಲೇ? ಕಮಿಟಿಯ ಪ್ರತಿ ವಾಹನದ ಪಾಲಿಸಿ ಮುಗಿಯುವ ದಿನವನ್ನು ಕಚೇರಿಯ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಬರೆದಿಡಿ. ನಮಾಝಿನ ವೇಳಾಪಟ್ಟಿಯ ಪಕ್ಕದಲ್ಲಿ ಅದಕ್ಕೂ ಜಾಗವಿದೆ.

ಭಾಷಣದ ಮೊದಲೇ ಒಂದು ಚೀಟಿ ನನ್ನ ಕೈಸೇರಿದೆ. ಸಹೋದರಿಯೊಬ್ಬರು ಬರೆದಿದ್ದಾರೆ: ಪತಿ ಗಲ್ಫ್‌ನಲ್ಲಿದ್ದಾರೆ, ಕಾರು ಮನೆಯ ಅಂಗಳದಲ್ಲಿ ಮುಚ್ಚಿಟ್ಟಿದೆ, ಎರಡು ವರ್ಷಗಳಿಂದ ವಿಮೆಯ ಹಣ ತಾನಾಗಿ ಹೋಗುತ್ತಿದೆ, ಯಾವ ಸಂದೇಶವೂ ಬರುತ್ತಿಲ್ಲ, ಏನು ಮಾಡಲಿ? ಸಂದೇಶ ಬರುತ್ತಿಲ್ಲವೆಂದಲ್ಲ ತಂಗೀ, ಬಹುಶಃ ರೀಚಾರ್ಜ್ ಇಲ್ಲದೆ ಸತ್ತುಹೋದ ಹಳೆಯ ಸಿಮ್ಮಿಗೆ ಅದು ಹೋಗುತ್ತಿದೆ. ಆ ಸಂಖ್ಯೆ ಈಗ ಬೇರೆ ಯಾರದ್ದಾದರೂ ಕೈಯಲ್ಲಿರಲೂಬಹುದು, ಅದು ವಿಮೆಗಿಂತ ದೊಡ್ಡ ಗಂಡಾಂತರ. ಖಾತೆ ಅವರ ಹೆಸರಿನಲ್ಲಿರುವುದರಿಂದ ಆದೇಶವನ್ನು ರದ್ದುಪಡಿಸಬೇಕಾದವರು ಅವರೇ. ಮೊದಲು ಬ್ಯಾಂಕಿನಲ್ಲಿ ಸಂಖ್ಯೆ ಮತ್ತು ಇ-ಮೇಲ್ ಬದಲಿಸಲಿ, ಆಮೇಲೆ ಆದೇಶಗಳ ಪಟ್ಟಿ ತೆರೆದು ನೋಡಲಿ. ಇನ್ನು ಕಾರಿನ ಮಾತು. ಕಡ್ಡಾಯ ವಿಮೆ ಇರುವುದು ಸಾರ್ವಜನಿಕ ಸ್ಥಳದಲ್ಲಿ ಬಳಸುವ ವಾಹನಕ್ಕೆ. ಗೇಟಿನೊಳಗೆ ನಿಂತಿರುವ ಕಾರಿಗೆ ಬೆಂಕಿ, ನೆರೆ, ಕಳವಿನ ವಿಮೆ ಬೇಕೋ ಬೇಡವೋ ಎಂಬುದು ನಿಮ್ಮ ಮನೆಯ ತೀರ್ಮಾನ. ಆದರೆ ಮೈದುನ ಒಂದು ದಿನ ಪೇಟೆಗೆ ಒಯ್ಯುತ್ತೇನೆಂದು ಕೀಲಿಕೈ ಕೇಳಿದರೆ ಥರ್ಡ್ ಪಾರ್ಟಿ ವಿಮೆ ಇಲ್ಲದೆ ಕೊಡಬೇಡಿ. ವಿಮೆ ನಿಂತು 90 ದಿನ ದಾಟಿದರೆ ನೋ ಕ್ಲೈಮ್ ಬೋನಸ್ ಕೈತಪ್ಪುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಪಾಲಿಸಿ ಮುಗಿಯುವುದು ಮುಂದಿನ ತಿಂಗಳ 18ಕ್ಕೆ ಎಂದು ಚೀಟಿಯ ಹಿಂಬದಿಯಲ್ಲಿದೆ. ಇಂದು ರಾತ್ರಿ ಅವರು ಕರೆ ಮಾಡಿದಾಗ ಮೊದಲು ಈ ವಿಷಯವನ್ನೇ ಹೇಳಿ.